ಮಾಸ್ಟರ್ ಲೋಹಿತ್‌ನನ್ನು ಮೊದಲು ಕಂಡ ನೆನಪು: ಮನೆಯವರನ್ನು ಕೇಳಿ ಬರೆದಿಡುವ ಬಗೆ

ಪುನೀತ್ ರಾಜ್‌ಕುಮಾರ್ ಮಾಸ್ಟರ್ ಲೋಹಿತ್ ಎಂಬ ಹೆಸರಿನ ಬಾಲನಟನಾಗಿದ್ದಾಗ ಅವರನ್ನು ತೆರೆಯ ಮೇಲೆ ಕಂಡ ಮಕ್ಕಳಿಗೆ ಈಗ ನಲವತ್ತೈದರಿಂದ ಅರವತ್ತರವರೆಗೆ ವಯಸ್ಸು. ಆ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಸಿನಿಮಾಕ್ಕೆ ಹೋದವರು ಎಪ್ಪತ್ತು, ಎಂಬತ್ತು ದಾಟಿದ್ದಾರೆ. ಯಾವ ಊರು, ಯಾವ ಟಾಕೀಸು, ಪಕ್ಕದಲ್ಲಿ ಯಾರು ಕೂತಿದ್ದರು ಎಂಬುದೆಲ್ಲ ಇವರ ತಲೆಯಲ್ಲಿ ಮಾತ್ರ ಇದೆ. ಚಿತ್ರಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ, ಇದು ಸಿಗುವುದಿಲ್ಲ. ಇದನ್ನು ಕೇಳಿ, ತಾಳೆ ನೋಡಿ, ಕೆಡದಂತೆ ಇಡುವ ಕ್ರಮವನ್ನು ಇಲ್ಲಿ ಹೇಳಿದ್ದೇವೆ.

ಶುರುವಿಗೇ ಒಂದು ಎಚ್ಚರಿಕೆ. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡ ಮೇಲೆ ಅವರ ಬಾಲ್ಯದ ದೃಶ್ಯಗಳು ಟಿವಿಯಲ್ಲೂ ಮೊಬೈಲಿನಲ್ಲೂ ವಾರಗಟ್ಟಲೆ ಓಡಿದವು. 1985ರಲ್ಲಿ ಕಂಡದ್ದರ ಮೇಲೆ 2021ರಲ್ಲಿ ಕಂಡದ್ದು ಕೂತುಬಿಟ್ಟಿದೆ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ, ಎರಡೂ ಒಂದಾಗಿ ಬೆರೆತಿರುತ್ತವೆ ಅಷ್ಟೆ. ಈ ಎರಡು ಪದರಗಳನ್ನು ಬಿಡಿಸುವುದೇ ನಿಮ್ಮ ಮುಖ್ಯ ಕೆಲಸ. ಮುಂದೆ ಬರುವ ಹೆಚ್ಚಿನ ಸೂಚನೆಗಳೆಲ್ಲ ಅದಕ್ಕಾಗಿಯೇ ಇವೆ.

ಕೇಳುವ ಮೊದಲು ಕೈಯಲ್ಲಿರಬೇಕಾದ ಪಟ್ಟಿ

ಒಂದು ಹಾಳೆಯಲ್ಲಿ ಈ ವರ್ಷಗಳನ್ನು ಬರೆದು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಹೇಳುವವರಿಗೆ ತೋರಿಸಬೇಡಿ. ಪುನೀತ್ ಹುಟ್ಟಿದ್ದು 1975ರ ಮಾರ್ಚ್ 17ರಂದು, ಮದ್ರಾಸಿನಲ್ಲಿ. ‘ಪ್ರೇಮದ ಕಾಣಿಕೆ’ (1976) ಚಿತ್ರದಲ್ಲಿ ಕೈಗೂಸಾಗಿ ಕಾಣಿಸಿಕೊಂಡರು. ‘ಸನಾದಿ ಅಪ್ಪಣ್ಣ’ 1977, ‘ವಸಂತ ಗೀತ’ 1980, ‘ಚಲಿಸುವ ಮೋಡಗಳು’ 1982, ‘ಎರಡು ನಕ್ಷತ್ರಗಳು’ ಮತ್ತು ‘ಭಕ್ತ ಪ್ರಹ್ಲಾದ’ 1983, ‘ಯಾರಿವನು’ 1984, ‘ಬೆಟ್ಟದ ಹೂವು’ 1985, ‘ಶಿವ ಮೆಚ್ಚಿದ ಕಣ್ಣಪ್ಪ’ 1988, ‘ಪರಶುರಾಮ್’ 1989. ಅದಾದ ಮೇಲೆ ದೊಡ್ಡ ಬಿಡುವು. ನಾಯಕನಾಗಿ ಬಂದದ್ದು 2002ರ ‘ಅಪ್ಪು’ ಚಿತ್ರದಲ್ಲಿ.

ಹೆಸರಿನ ವಿಷಯವನ್ನೂ ಗಮನದಲ್ಲಿಡಿ. ಮೊದಲ ಚಿತ್ರಗಳ ಕಾಲದಲ್ಲಿ ಜನ ಅವರನ್ನು ಬಲ್ಲದ್ದು ಮಾಸ್ಟರ್ ಲೋಹಿತ್ ಎಂದು. ‘ಅಪ್ಪು’ ಎಂಬುದು ಮನೆಯ ಹೆಸರು, ಅದು ಊರೆಲ್ಲದರ ಬಾಯಿಗೆ ಬಂದದ್ದು 2002ರ ನಂತರವೇ. ಹೇಳುವವರು ‘ಲೋಹಿತ್’ ಎಂದೋ ‘ರಾಜ್‌ಕುಮಾರ್ ಮಗ’ ಎಂದೋ ಹೇಳಿದರೆ ಮಾತು ಹಳೆಯ ಪದರದಿಂದ ಬರುತ್ತಿರುವ ಸಾಧ್ಯತೆ ಹೆಚ್ಚು. ‘ಅಪ್ಪು’ ಎಂದ ಮಾತ್ರಕ್ಕೆ ನೆನಪು ಹೊಸದು ಎಂದು ತೀರ್ಮಾನಿಸಬೇಡಿ, ಇನ್ನೆರಡು ಪ್ರಶ್ನೆ ಕೇಳಿ.

ರೆಕಾರ್ಡಿಂಗ್

ಮೊಬೈಲ್ ಸಾಕು, ಆದರೆ ಮೇಜಿನ ಮೇಲೆ ಅಂಗಾತ ಇಡಬೇಡಿ. ಮೇಜಿನ ಮೇಲೆ ಲೋಟ ಇಟ್ಟ ಸದ್ದೂ ಮಾತಿಗಿಂತ ಜೋರಾಗಿ ಬರುತ್ತದೆ. ಮಡಿಸಿದ ಟವೆಲ್ ಮೇಲೆ, ಹೇಳುವವರ ಬಾಯಿಯಿಂದ ಒಂದು ಅಡಿ ದೂರದಲ್ಲಿ, ಮೈಕ್ ಇರುವ ತುದಿ ಅವರ ಕಡೆಗಿರುವಂತೆ ಇಡಿ. ಏರೋಪ್ಲೇನ್ ಮೋಡ್ ಹಾಕಿ, ಫ್ಯಾನ್ ಆರಿಸಿ. ಕುಕ್ಕರ್ ಕೂಗುವ ಹೊತ್ತಿನಲ್ಲಿ ಕೂರಬೇಡಿ. ರೆಕಾರ್ಡರ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ವೇವ್ (WAV), 48 ಕಿಲೋಹರ್ಟ್ಸ್, 16 ಬಿಟ್, ಮೋನೊ ಆರಿಸಿದರೆ ಒಂದು ಗಂಟೆಗೆ ಸುಮಾರು 345 ಎಂಬಿ ಬೇಕಾಗುತ್ತದೆ. 128 ಕೆಬಿಪಿಎಸ್ ಎಂಪಿ3 ಆದರೆ 58 ಎಂಬಿಯಲ್ಲಿ ಮುಗಿಯುತ್ತದೆ, ಆದರೆ ಮುಂದೆ ಸದ್ದು ಶುದ್ಧ ಮಾಡಲು ಕೂತಾಗ ವೇವ್‌ನ ಬೆಲೆ ತಿಳಿಯುತ್ತದೆ. ಮೊದಲು ಒಂದು ನಿಮಿಷ ಬೇರೇನಾದರೂ ಮಾತಾಡಿಸಿ, ಇಯರ್‌ಫೋನ್ ಹಾಕಿ ಕೇಳಿ ನೋಡಿ. ಅಸಲಿ ರೆಕಾರ್ಡಿಂಗ್ ಶುರುವಾದ ತಕ್ಷಣ ತಾರೀಕು, ಜಾಗ, ಹೇಳುವವರ ಹೆಸರು, ಹುಟ್ಟಿದ ವರ್ಷ ಇಷ್ಟನ್ನು ನೀವೇ ಜೋರಾಗಿ ಹೇಳಿ. ಫೈಲಿನ ಹೆಸರು ಕಳೆದುಹೋದರೂ ಇದು ಒಳಗೇ ಉಳಿಯುತ್ತದೆ.

ಒಂದು ಸಲಕ್ಕೆ ನಲವತ್ತೈದು ನಿಮಿಷ ಸಾಕು. ಹಿರಿಯರು ದಣಿದ ಮೇಲೆ "ಹೂಂ, ಹಾಗೇ ಇರಬೇಕು" ಎನ್ನತೊಡಗುತ್ತಾರೆ. ಅಲ್ಲಿಂದಾಚೆ ಸಿಕ್ಕಿದ್ದನ್ನು ನಂಬುವಂತಿಲ್ಲ.

ಅಣ್ಣ, ತಂಗಿ, ಅತ್ತೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಶುರು ಮಾಡಬೇಡಿ. ಮಾತು ಗಟ್ಟಿ ಇರುವವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ಮೊದಲು ಒಬ್ಬೊಬ್ಬರನ್ನೇ ಕೇಳಿ, ಆಮೇಲೆ ಬೇಕಾದರೆ ಎಲ್ಲರನ್ನೂ ಸೇರಿಸಿ. ಆಗ ನಡೆಯುವ ವಾದವೂ ಚೆನ್ನಾಗಿರುತ್ತದೆ, ಅದನ್ನು ಬೇರೆ ಫೈಲಾಗಿ ಇಡಿ.

ಏನು ಕೇಳಬೇಕು

ಚಿತ್ರದ ಹೆಸರಿನಿಂದ ಶುರು ಮಾಡುವುದೇ ಎಲ್ಲರೂ ಮಾಡುವ ತಪ್ಪು. "ಅತ್ತೆ, ಬೆಟ್ಟದ ಹೂವು ನೋಡಿದ್ದು ನೆನಪಿದೆಯಾ?" ಎಂದರೆ "ಓ, ನೆನಪಿಲ್ಲದೆ ಏನು" ಎಂಬ ಉತ್ತರ ಬರುತ್ತದೆ. ಜೊತೆಗೆ 2021ರಲ್ಲಿ ಟಿವಿಯಲ್ಲಿ ಕಂಡ ದೃಶ್ಯವೇ ಮುಂದೆ ಬಂದು ನಿಲ್ಲುತ್ತದೆ. ಜಾಗದಿಂದ ಶುರು ಮಾಡಿ.

"ಆ ಹುಡುಗನನ್ನ ಮೊದಲು ಎಲ್ಲಿ ನೋಡಿದ್ರಿ? ಎಲ್ಲಿ ಕೂತಿದ್ರಿ?"
"ಹೋಗೋಕೆ ದುಡ್ಡು ಯಾರು ಕೊಟ್ರು? ಹೇಗೆ ಹೋದ್ರಿ, ನಡೆದಾ, ಗಾಡೀಲಾ, ಬಸ್ಸಲ್ಲಾ?"
"ಆಗ ಎಷ್ಟನೇ ಕ್ಲಾಸು? ಯಾವ ಮೇಷ್ಟ್ರು?"
"ಮಧ್ಯೆ ಎಷ್ಟು ಸಲ ಲೈಟ್ ಹಾಕಿದ್ರು?"
"ಮನೆಗೆ ಬಂದ ಮೇಲೆ ಯಾರಿಗೆ ಕಥೆ ಹೇಳಿದ್ರಿ?"

ಕೊನೆಯ ಪ್ರಶ್ನೆ ಬಿಡಲೇಬೇಡಿ. ಸಿನಿಮಾ ನೋಡಿ ಬಂದ ಮಗು ಕಥೆಯನ್ನು ಯಾರಿಗಾದರೂ ಹೇಳಿಯೇ ಹೇಳುತ್ತದೆ. ಹಾಗೆ ಬಾಯಲ್ಲಿ ಹೇಳಿದ ದೃಶ್ಯಗಳು ಗಟ್ಟಿಯಾಗಿ ಉಳಿದಿರುತ್ತವೆ. "ನಮ್ಮ ಅಜ್ಜಿಗೆ ಹೇಳಿದೆ, ಅಜ್ಜಿ ಅತ್ತುಬಿಟ್ರು" ಎಂದರೆ ಅದು 2021ರ ಪದರವಲ್ಲ. ಆ ಅಜ್ಜಿ ಯಾವ ವರ್ಷ ತೀರಿಕೊಂಡರು ಎಂದು ಕೇಳಿದರೆ ಕಾಲಕ್ಕೊಂದು ಗಡಿಯೂ ಸಿಗುತ್ತದೆ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ. ಹತ್ತು ಸೆಕೆಂಡ್ ಮೌನ ನಿಮಗೆ ಉದ್ದ ಅನಿಸುತ್ತದೆ, ಹುಡುಕುತ್ತಿರುವವರಿಗೆ ಅನಿಸುವುದಿಲ್ಲ. ಪುನೀತ್ ವಿಷಯ ಬಂದಾಗ ಹಲವರ ಗಂಟಲು ಕಟ್ಟುತ್ತದೆ. ರೆಕಾರ್ಡರ್ ನಿಲ್ಲಿಸಲೇ ಎಂದು ಕೇಳಿ, ಅವರು ಹೇಳಿದಂತೆ ಮಾಡಿ.

ಎಲ್ಲಿ ಕಂಡರು ಎಂಬುದರಿಂದ ಕಾಲ ಹಿಡಿಯುವುದು

ಟಾಕೀಸು, ಟೆಂಟು, ದೂರದರ್ಶನ, ವಿಡಿಯೊ, ಕೇಬಲ್ ಟಿವಿ, ರೇಡಿಯೊ, ಈ ಆರು ದಾರಿಗಳಲ್ಲಿ ಒಂದರಿಂದ ಆ ಹುಡುಗ ಅವರ ಬಾಲ್ಯಕ್ಕೆ ಬಂದಿರುತ್ತಾನೆ. ಪ್ರತಿಯೊಂದಕ್ಕೂ ತನ್ನದೇ ಗುರುತುಗಳಿವೆ.

ಟೆಂಟ್ ಎಂದು ಗೊತ್ತಾಗುವುದು ಸಣ್ಣ ಸಣ್ಣ ವಿವರಗಳಿಂದ. ಆಟಕ್ಕೆ ಮುಂಚೆ ಗಂಟಸಾಲ ಹಾಡಿದ ‘ನಮೋ ವೆಂಕಟೇಶ’ ಊರೆಲ್ಲ ಕೇಳಿಸುತ್ತಿತ್ತು ಎಂದರೆ ಅದು ಟೂರಿಂಗ್ ಟಾಕೀಸೇ. ನೆಲ, ಬೆಂಚು, ಕುರ್ಚಿ ಎಂಬ ಮೂರು ದರ್ಜೆ, ಮರಳು ಗುಡ್ಡೆ ಮಾಡಿಕೊಂಡು ಕೂತದ್ದು, ಗಂಡಸರಿಗೂ ಹೆಂಗಸರಿಗೂ ನಡುವೆ ತಡಿಕೆ, ಇವೆಲ್ಲ ಅದೇ ಕಡೆ ಬೆರಳು ತೋರಿಸುತ್ತವೆ. ಮಧ್ಯೆ ಮೂರು ನಾಲ್ಕು ಸಲ ಲೈಟ್ ಹತ್ತಿತು ಎಂದರೆ ಅಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರ್. ರೀಲು ಮುಗಿದಾಗಲೆಲ್ಲ ನಿಲ್ಲಿಸಿ ಮುಂದಿನದನ್ನು ಏರಿಸಬೇಕಿತ್ತು. ಎರಡು ಪ್ರೊಜೆಕ್ಟರ್ ಇದ್ದ ಪೇಟೆಯ ಟಾಕೀಸಿನಲ್ಲಿ ಒಂದೇ ಇಂಟರ್ವಲ್.

ಟೆಂಟಿಗೆ ಚಿತ್ರ ಬಿಡುಗಡೆಯ ದಿನ ಬರುತ್ತಿರಲಿಲ್ಲ ಎಂಬುದು ಇಲ್ಲಿ ಬಹಳ ಮುಖ್ಯ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಕಡೆ ಓಡಿ ಮುಗಿದ ಪ್ರಿಂಟ್ ತಾಲ್ಲೂಕು ಕೇಂದ್ರಕ್ಕೆ, ಅಲ್ಲಿಂದ ಹೋಬಳಿಗೆ ಇಳಿಯುತ್ತಿತ್ತು. ತಿಂಗಳುಗಳಾಗಬಹುದು, ವರ್ಷ ದಾಟಲೂಬಹುದು. ಹಾಗಾಗಿ ಚಿತ್ರದ ವರ್ಷವನ್ನೇ ನೋಡಿದ ವರ್ಷ ಎಂದು ಬರೆಯಬೇಡಿ. ‘ಬೆಟ್ಟದ ಹೂವು’ ಆದರೆ ‘1985ರ ಮೊದಲಲ್ಲ’ ಎಂದು ಬರೆಯಿರಿ, ಅದು ಯಾವಾಗಲೂ ನಿಜ. ಮಳೆ ಜೋರಿರುವ ಸೀಮೆಯಲ್ಲಿ ಮಳೆಗಾಲಕ್ಕೆ ಟೆಂಟ್ ಬಿಚ್ಚುತ್ತಿದ್ದರು. ಆದ್ದರಿಂದ ಸುಗ್ಗಿಯ ಮುಂಚೆಯೋ ಆಮೇಲೋ, ಜಾತ್ರೆಯ ಹೊತ್ತೋ ಎಂದು ಕೇಳಿ. ತಿಂಗಳು ನೆನಪಿಲ್ಲದವರಿಗೂ ಜಾತ್ರೆ ನೆನಪಿರುತ್ತದೆ.

"ಕಪ್ಪು ಬಿಳುಪಿನಲ್ಲಿ ನೋಡಿದೆ" ಎಂದರೆ ಗಮನಿಸಿ: 1982ರಿಂದ ಈಚೆಗಿನ ಲೋಹಿತ್ ಚಿತ್ರಗಳು ವರ್ಣಚಿತ್ರಗಳು. ಹಾಗಾದರೆ ನೋಡಿದ್ದು ಟಾಕೀಸಿನಲ್ಲಲ್ಲ, ಕಪ್ಪು ಬಿಳುಪು ಟಿವಿಯಲ್ಲಿ. ಯಾರ ಮನೆಯ ಟಿವಿ, ಆ್ಯಂಟೆನಾ ತಿರುಗಿಸಲು ಹೆಂಚಿನ ಮೇಲೆ ಯಾರು ಹತ್ತುತ್ತಿದ್ದರು, ಬಾಗಿಲ ಹತ್ತಿರ ಎಷ್ಟು ಜನ ನಿಂತಿರುತ್ತಿದ್ದರು ಎಂದು ಮುಂದುವರಿಸಿ. ಹಾಡಷ್ಟೇ ನೋಡಿದ್ದರೆ ಅದು ದೂರದರ್ಶನದ ಚಿತ್ರಗೀತೆಗಳ ಕಾರ್ಯಕ್ರಮ ‘ಚಿತ್ರಮಂಜರಿ’ಯಲ್ಲಿ ಇರಬಹುದು. ಉದಯ ಟಿವಿ ಶುರುವಾದದ್ದು 1994ರಲ್ಲಿ. "ಉದಯದಲ್ಲಿ ನೋಡಿದೆ, ನಾನಾಗ ಮೂರನೇ ಕ್ಲಾಸು" ಎನ್ನುವವರು 1980ರ ದಶಕದ ಮಧ್ಯಭಾಗಕ್ಕಿಂತ ಈಚೆಗೆ ಹುಟ್ಟಿದವರಾಗಿರಬೇಕು. ಲೆಕ್ಕ ಕೂಡದಿದ್ದರೆ ಕ್ಲಾಸು ತಪ್ಪು ಅಥವಾ ಚಾನೆಲ್ ತಪ್ಪು. ಕ್ಲಾಸನ್ನೇ ಹೆಚ್ಚು ನಂಬಿ, ಯಾಕೆಂದರೆ ಅದಕ್ಕೆ ಮೇಷ್ಟ್ರ ಹೆಸರು, ಶಾಲೆಯ ಕೊಠಡಿ ಎಲ್ಲ ಅಂಟಿಕೊಂಡಿರುತ್ತದೆ.

ವಿಡಿಯೊ ನೆನಪುಗಳನ್ನು ಬಿಡಿಸುವುದು ಕಷ್ಟ. ಗಣಪತಿ ಕೂರಿಸಿದಾಗ ಚಂದಾ ಎತ್ತಿ ವಿಸಿಪಿ (ವಿಡಿಯೊ ಕ್ಯಾಸೆಟ್ ಪ್ಲೇಯರ್) ಬಾಡಿಗೆಗೆ ತಂದು ಒಂದೇ ರಾತ್ರಿ ಮೂರು ಸಿನಿಮಾ ಹಾಕುತ್ತಿದ್ದರು. ನಿದ್ದೆಗಣ್ಣಿನಲ್ಲಿ ನೋಡಿದ ಮಗುವಿಗೆ ಮೂರೂ ಕಲಸಿ ಒಂದೇ ಕಥೆಯಾಗಿರುತ್ತದೆ. ಆ ರಾತ್ರಿ ಬೇರೆ ಯಾವ ಚಿತ್ರ ಹಾಕಿದ್ದರು ಎಂದು ಕೇಳಿ, ಬೇರೆ ನಾಯಕರ ದೃಶ್ಯಗಳನ್ನು ಪಕ್ಕಕ್ಕೆ ತೆಗೆದರೆ ಲೋಹಿತ್‌ನ ಭಾಗ ಉಳಿಯುತ್ತದೆ.

ರೇಡಿಯೊವನ್ನು ಮರೆಯಬೇಡಿ. ಈ ಹುಡುಗ ನಟನಷ್ಟೇ ಅಲ್ಲ, ಹಾಡಿದವನೂ ಹೌದು. ‘ಭಾಗ್ಯವಂತ’ದ ‘ಬಾನ ದಾರಿಯಲ್ಲಿ’, ‘ಚಲಿಸುವ ಮೋಡಗಳು’ ಚಿತ್ರದ ‘ಕಾಣದಂತೆ ಮಾಯವಾದನು’, ‘ಬೆಟ್ಟದ ಹೂವು’ ಚಿತ್ರದ ‘ಬಿಸಿಲೇ ಇರಲಿ ಮಳೆಯೇ ಇರಲಿ’ ಅವನದೇ ದನಿ. ಮುಖ ನೋಡುವ ಮುಂಚೆಯೇ ಈ ದನಿ ಕೇಳಿದವರು ಇದ್ದಾರೆ. "ಮೊದಲು ನೋಡಿದಿರಾ, ಕೇಳಿದಿರಾ?" ಎಂಬ ಒಂದು ಪ್ರಶ್ನೆಗೆ ಬೇರೆಯದೇ ಕಥೆ ಹೊರಬರುತ್ತದೆ.

ದೃಶ್ಯದಿಂದ ಚಿತ್ರ ಗುರುತಿಸುವುದು

"ಒಬ್ಬನೇ ಹುಡುಗ ಇಬ್ಬರಾಗಿದ್ದ" ಎಂದರೆ ‘ಎರಡು ನಕ್ಷತ್ರಗಳು’, ಅದರಲ್ಲಿ ಅವನದು ದ್ವಿಪಾತ್ರ. "ಕಾಡಿನ ಹೂ ಕಿತ್ತು ತಂದು ಫಾರಿನ್ ಮೇಡಂಗೆ ಕೊಡ್ತಿದ್ದ" ಎಂದರೆ ‘ಬೆಟ್ಟದ ಹೂವು’. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ ಈ ಚಿತ್ರದ ರಾಮುವಿನ ಪಾತ್ರಕ್ಕೇ ಪುನೀತ್‌ಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂದದ್ದು. ರಾಮುವಿಗೆ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳುವ ಆಸೆ, ಅದಕ್ಕೆಂದೇ ದುಡ್ಡು ಕೂಡಿಡುತ್ತಾನೆ, ಕೊನೆಗೆ ಆ ದುಡ್ಡಿನಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. "ಪುಸ್ತಕ ತಂದೇ ತಂದ" ಎಂದು ಯಾರಾದರೂ ಹೇಳಿದರೆ ತಿದ್ದಬೇಡಿ, ಹಾಗೆಯೇ ಬರೆದುಕೊಳ್ಳಿ. ಅವನಿಗೆ ಪುಸ್ತಕ ಸಿಗಲಿ ಎಂದು ಆ ಮಗು ಎಷ್ಟು ಬಯಸಿತ್ತು ಎಂಬುದು ಆ ತಪ್ಪಿನಲ್ಲಿಯೇ ಕಾಣುತ್ತದೆ. ಚಿತ್ರದಲ್ಲಿ ನಿಜಕ್ಕೂ ಏನಿದೆ ಎಂಬುದನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟರಾಯಿತು.

ಪುರಾಣದ ಚಿತ್ರಗಳಲ್ಲಿ ಗೊಂದಲ ಹೆಚ್ಚು. ಪ್ರಹ್ಲಾದನ ಕಥೆ ಕನ್ನಡದಲ್ಲೂ ತೆಲುಗಿನಲ್ಲೂ ಹಲವು ಸಲ ಚಿತ್ರವಾಗಿದೆ. 1967ರ ತೆಲುಗು ಚಿತ್ರದಲ್ಲಿ ಪ್ರಹ್ಲಾದನಾದದ್ದು ರೋಜಾರಮಣಿ ಎಂಬ ಹುಡುಗಿ. ಕೋಲಾರ, ಬಳ್ಳಾರಿ ಕಡೆಯವರಿಗೆ ಅದೂ ಗೊತ್ತಿರಬಹುದು. ಕಂಬ ಒಡೆದ ದೃಶ್ಯ ಎಲ್ಲ ಪ್ರಹ್ಲಾದರಲ್ಲೂ ಇರುತ್ತದೆ, ಅದರಿಂದ ಏನೂ ಪತ್ತೆಯಾಗದು. ಅಪ್ಪನ ಪಾತ್ರದಲ್ಲಿ ಯಾರಿದ್ದರು ಎಂದು ಕೇಳಿ. ಹಿರಣ್ಯಕಶಿಪು ರಾಜ್‌ಕುಮಾರ್, ಕಯಾದು ಸರಿತಾ ಆದರೆ 1983ರದು. ಹಾಗೆಯೇ ಕಣ್ಣಪ್ಪ: 1954ರ ‘ಬೇಡರ ಕಣ್ಣಪ್ಪ’ನಲ್ಲಿ ರಾಜ್‌ಕುಮಾರ್ ಅವರೇ ಕಣ್ಣಪ್ಪ, 1988ರ ಚಿತ್ರದಲ್ಲಿ ಹುಡುಗ ಕಣ್ಣಪ್ಪ ಪುನೀತ್, ದೊಡ್ಡವನಾದ ಮೇಲೆ ಶಿವರಾಜ್‌ಕುಮಾರ್. ಇನ್ನು "ಮಲೆನಾಡಿನ ಹುಡುಗ, ಟಿವಿಯಲ್ಲಿ ಹಿಂದಿಯಲ್ಲಿ ಮಾತಾಡ್ತಿದ್ದ" ಎಂದರೆ ಅದು ಲೋಹಿತ್ ಅಲ್ಲ. ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರಿಸಿದ ‘ಮಾಲ್ಗುಡಿ ಡೇಸ್’ನ ಸ್ವಾಮಿ, ಮಾಸ್ಟರ್ ಮಂಜುನಾಥ್. ಆಗ ಆ ನೆನಪಿಗೇ ಬೇರೆ ಹಾಳೆ ತೆಗೆಯಿರಿ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಹೇಳುವವರು ಹುಟ್ಟಿದ್ದು 1977. "ಮೂರನೇ ಕ್ಲಾಸಿನಲ್ಲಿ ಟೆಂಟಿನಲ್ಲಿ ನೋಡಿದೆ, ಹುಡುಗ ಕಂಬಳಿ ತಂದ, ಚಿಕ್ಕಮ್ಮನ ಮದುವೆಗೆ ಹೋದಾಗ" ಎನ್ನುತ್ತಾರೆ. ಮೂರನೇ ತರಗತಿ ಎಂದರೆ ಎಂಟು ಒಂಬತ್ತು ವಯಸ್ಸು, ಅಂದರೆ 1985 ಅಥವಾ 86. ಕಂಬಳಿ ‘ಬೆಟ್ಟದ ಹೂವು’ ಕಡೆಗೆ ತೋರಿಸುತ್ತದೆ, ಟೆಂಟಿನ ತಡವೂ ಹೊಂದುತ್ತದೆ. ಚಿಕ್ಕಮ್ಮನ ಲಗ್ನಪತ್ರಿಕೆ ಹುಡುಕಿ. ಅದರಲ್ಲಿ 1986ರ ಮೇ ಎಂದಿದ್ದರೆ ನೆನಪು ಗಟ್ಟಿಯಾಯಿತು. 1984 ಎಂದಿದ್ದರೆ ಎರಡು ನೆನಪು ಬೆರೆತಿವೆ: ಆ ಮದುವೆಯಲ್ಲಿ ನೋಡಿದ್ದು ಬೇರೆ ಚಿತ್ರ. ಯಾವುದು ಎಂದು ಒತ್ತಾಯಿಸದೆ, ಮದುವೆಗೆ ಹೋದ ಊರು ಯಾವುದು, ಅಲ್ಲಿ ಟೆಂಟ್ ಎಲ್ಲಿತ್ತು ಎಂದು ಮತ್ತೆ ಶುರು ಮಾಡಿ.

ಚಿತ್ರ ತೋರಿಸುವುದು ಯಾವಾಗ

ಮಾತೆಲ್ಲ ಮುಗಿದ ಮೇಲೆ, ಬೇರೆ ದಿನ. ಮೊದಲು ಹಾಡಿನ ಒಂದು ನಿಮಿಷ ಮಾತ್ರ ಕೇಳಿಸಿ, ಪರದೆ ತೋರಿಸಬೇಡಿ. ದನಿ ಮಾತ್ರ ಕೇಳಿದಾಗ ಬರುವ ನೆನಪುಗಳಿಗೆ ಹೊಸ ದೃಶ್ಯಗಳ ಹಾವಳಿ ಕಡಿಮೆ. ಆಮೇಲೆ ಚಿತ್ರ ಹಾಕಿ. ನೋಡುತ್ತಾ ಅವರು ಆಡುವ ಮಾತನ್ನೂ ರೆಕಾರ್ಡ್ ಮಾಡಿ, ಆದರೆ ಅದನ್ನು ಮೊದಲ ಸಂದರ್ಶನದ ಬರಹಕ್ಕೆ ಸೇರಿಸಬೇಡಿ. ಒಮ್ಮೆ ಬೆರೆಸಿದರೆ ಮತ್ತೆ ಬೇರ್ಪಡಿಸಲು ನಿಮ್ಮಿಂದಲೂ ಆಗುವುದಿಲ್ಲ.

ಚಿತ್ರದ ಆರಂಭದ ಸೆನ್ಸಾರ್ ಪ್ರಮಾಣಪತ್ರದಲ್ಲಿ ತಾರೀಕು ಇರುತ್ತದೆ. ಅದು ಪ್ರಮಾಣಪತ್ರ ಕೊಟ್ಟ ದಿನ, ಬಿಡುಗಡೆಯ ದಿನವಲ್ಲ. ಡಿಸೆಂಬರಿನಲ್ಲಿ ಸೆನ್ಸಾರ್ ಆಗಿ ಜನವರಿಯಲ್ಲಿ ತೆರೆಗೆ ಬಂದರೆ ಎರಡು ಕಡೆ ಎರಡು ವರ್ಷ ಕಾಣುತ್ತದೆ. ವಿಡಿಯೊ ಪ್ರತಿಗಳಿಗೆ ಬೇರೆ ಪ್ರಮಾಣಪತ್ರ ಇರಬಹುದು, ಅದರ ತಾರೀಕು ಇನ್ನೂ ಈಚಿನದು.

ಕಾಗದದ ಸಾಕ್ಷಿ

ಟಾಕೀಸಿನ ಮುಂದೆ ಮಾರುತ್ತಿದ್ದ ಹಾಡಿನ ಪುಸ್ತಕ ಸಿಕ್ಕರೆ ಅದೃಷ್ಟ. ಅರ್ಧ ಕಥೆ ಹೇಳಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ ಎಂದು ನಿಲ್ಲಿಸುವ ಆ ಪುಟ್ಟ ಪುಸ್ತಕದ ಕಾಗದ ಬೆರಳು ತಾಗಿದರೆ ಪುಡಿಯಾಗುವಷ್ಟು ಒಣಗಿರುತ್ತದೆ, ಪಿನ್ನು ತುಕ್ಕು ಹಿಡಿದಿರುತ್ತದೆ. ಪೂರ್ತಿ ಬಿಡಿಸಿ ಸ್ಕ್ಯಾನರ್ ಗಾಜಿಗೆ ಒತ್ತಿದರೆ ಬೆನ್ನು ಮುರಿಯುತ್ತದೆ. ಕಾಲು ಭಾಗ ತೆರೆದು, ಕಿಟಕಿಯ ಬೆಳಕಿನಲ್ಲಿ ಮೊಬೈಲನ್ನು ಪುಟಕ್ಕೆ ನೇರವಾಗಿ ಹಿಡಿದು ಫೋಟೊ ತೆಗೆಯಿರಿ. ಬಿಡಿ ಹಾಳೆ, ಟಿಕೆಟ್ ಚೂರು, ಫೋಟೊಗಳನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ. ಸೆಲ್ಲೊಟೇಪ್ ಹಚ್ಚಬೇಡಿ, ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ: ಬಿಸಿಯಲ್ಲಿ ಪ್ಲಾಸ್ಟಿಕ್ ಅಂಟಿದ ಮೇಲೆ ಕಾಗದವನ್ನು ಬಿಡಿಸಲಾಗದು. ಏನಾದರೂ ಬರೆಯಬೇಕೆಂದರೆ ಹಿಂದೆ, ಪೆನ್ಸಿಲ್‌ನಲ್ಲಿ.

ಊರಿನ ಟಾಕೀಸಿನಲ್ಲಿ ಯಾವ ವಾರ ಯಾವ ಚಿತ್ರ ಇತ್ತೆಂದು ತಿಳಿಯಲು ಪತ್ರಿಕೆಯ ಸಿನಿಮಾ ಜಾಹೀರಾತುಗಳೇ ಆಧಾರ. ದೊಡ್ಡ ಗ್ರಂಥಾಲಯಗಳಲ್ಲಿ ‘ಪ್ರಜಾವಾಣಿ’, ‘ಸಂಯುಕ್ತ ಕರ್ನಾಟಕ’, ‘ಕನ್ನಡಪ್ರಭ’ಗಳ ಹಳೆಯ ಸಂಪುಟ ಇವೆಯೇ ಎಂದು ವಿಚಾರಿಸಿ. ಹೊಸ ಚಿತ್ರಗಳು ಹೆಚ್ಚಾಗಿ ಶುಕ್ರವಾರ ಬರುತ್ತಿದ್ದರಿಂದ ಗುರುವಾರ, ಶುಕ್ರವಾರದ ಸಂಚಿಕೆ ಮೊದಲು ನೋಡಿ. ಜಾಹೀರಾತಿನ ಕೆಳಗೆ ಸಣ್ಣಕ್ಷರದಲ್ಲಿ ಊರು ಮತ್ತು ಟಾಕೀಸಿನ ಹೆಸರುಗಳ ಸಾಲು ಇರುತ್ತದೆ. ನಿಮಗೆ ಬೇಕಾದ್ದು ಆ ಸಾಲು. ಟೆಂಟಿನ ಹೆಸರು ಅಲ್ಲಿ ಸಿಗುವುದು ಅಪರೂಪ.

ಬರಹಕ್ಕೆ ಇಳಿಸುವುದು

ಒಂದು ಗಂಟೆಯ ಮಾತು ಬರೆಯಲು ನಾಲ್ಕರಿಂದ ಆರು ಗಂಟೆ ಬೇಕು. ಮಾತನ್ನು ಗ್ರಾಂಥಿಕಕ್ಕೆ ತಿದ್ದಬೇಡಿ. "ಹೋಗಿದ್ವಿ" ಎಂದದ್ದು "ಹೋಗಿದ್ದೆವು" ಆಗಬಾರದು, ಧಾರವಾಡದವರ "ನೋಡಿದ್ವಿರೀ" ಹಾಗೆಯೇ ಇರಲಿ. ಗೊತ್ತಾಗದ ಮಾತಿಗೆ ಊಹಿಸಿ ಬರೆಯದೆ ಚುಕ್ಕಿ ಹಾಕಿ, ಪಕ್ಕದಲ್ಲಿ ನಿಮಿಷ ಮತ್ತು ಸೆಕೆಂಡ್ ನಮೂದಿಸಿ. ಪ್ರತಿ ವಿವರದ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ಆಗ ಕಂಡದ್ದು, ಆಮೇಲೆ ಕಂಡದ್ದು, ಯಾವುದೆಂದು ತಿಳಿಯದ್ದು. ಮೂರನೆಯದೇ ಹೆಚ್ಚಿದ್ದರೂ ಚಿಂತೆಯಿಲ್ಲ.

ಬರೆದದ್ದನ್ನು ಹೇಳಿದವರಿಗೆ ಓದಿ ಹೇಳಿ. ಅವರು ತೆಗೆಯಿರಿ ಎಂದ ಸಾಲನ್ನು ತೆಗೆಯಿರಿ. ಹೊರಗೆ ಹಂಚುವುದಾದರೆ ಒಪ್ಪಿಗೆಯನ್ನು ರೆಕಾರ್ಡಿಂಗ್‌ನಲ್ಲೇ ಕೇಳಿಟ್ಟುಕೊಳ್ಳಿ. ಹಾಡು, ದೃಶ್ಯದ ತುಣುಕನ್ನು ಜೋಡಿಸಿ ಹಾಕಬೇಡಿ, ಅವುಗಳ ಹಕ್ಕು ಬೇರೆಯವರದು.

ಫೈಲಿನ ಹೆಸರು ವರ್ಷ, ತಿಂಗಳು, ದಿನ, ಹೇಳಿದವರ ಹೆಸರು, ಊರು ಈ ಕ್ರಮದಲ್ಲಿರಲಿ. ಒಂದು ಪ್ರತಿ ಕಂಪ್ಯೂಟರ್‌ನಲ್ಲಿ, ಒಂದು ಹಾರ್ಡ್ ಡಿಸ್ಕ್‌ನಲ್ಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ ಅಥವಾ ಕ್ಲೌಡ್‌ನಲ್ಲಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇಲ್ಲದಿದ್ದರೆ ಫೋಟೊ ಕುಗ್ಗಿ ಹೋಗುತ್ತದೆ. ವರ್ಷಕ್ಕೊಮ್ಮೆ ಹಾರ್ಡ್ ಡಿಸ್ಕ್ ಜೋಡಿಸಿ ಒಂದೆರಡು ಫೈಲ್ ತೆರೆದು ನೋಡಿ. ಲಿಖಿತ ಪ್ರತಿಯನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಹೇಳಿದವರ ಕೈಗೇ ಒಂದು ಕೊಡಿ. ಅದನ್ನು ಓದಿದ ಮೇಲೆ ಅವರಿಗೆ ಇನ್ನಷ್ಟು ನೆನಪಾಗುವುದು ಸಾಮಾನ್ಯ, ಹಾಗಾಗಿ ಪಕ್ಕದಲ್ಲಿ ಅಗಲವಾದ ಅಂಚು ಬಿಟ್ಟು ಮುದ್ರಿಸಿ.